ಬಗ್ಗಪ್ಪನಿಗೆ ಗ್ರೀನ್ ಕಾರ್ಡ್ ಬೇಕಿಲ್ಲ

ದಸರೆಯ ಹೊತ್ತಿಗೆ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆಯ ಕನ್ನಡಿಗರ ಮನೆಗಳಿಗೆ ಎರಡು ಬಗೆಯ ನೆಂಟರು ಬರುತ್ತಾರೆ. ಗೊಂಬೆ ನೋಡಲು ಬಂದವರು ಉಸಲಿ ತಿಂದು, ಪಾರ್ಕಿಂಗ್ ಬಗ್ಗೆ ಗೊಣಗಿ, ಅದೇ ರಾತ್ರಿ ಹೋಗುತ್ತಾರೆ. ಇನ್ನೊಂದು ಬಗೆಯವರು ಬಿಸಿಲು ಬೀಳುವ ಗೋಡೆಯ ಮೇಲೆ ಸಾಲುಗಟ್ಟಿ, ಕಿಟಕಿಯ ಸಂದಿಯಲ್ಲಿ ನುಸುಳಿದರೆ ವಸಂತ ಕಾಲದವರೆಗೆ ಕದಲುವುದಿಲ್ಲ. ಕಂದು ಬಣ್ಣ, ಗುರಾಣಿಯ ಆಕಾರ, ಮೀಸೆಯ ಮೇಲೆ ಬಿಳಿ ಪಟ್ಟಿ. ಮುಟ್ಟಿದರೆ ನಾತ. ಇಂಗ್ಲಿಷಿನವರು ಬ್ರೌನ್ ಮಾರ್ಮೊರೇಟೆಡ್ ಸ್ಟಿಂಕ್ ಬಗ್ ಎಂದು ಉದ್ದಕ್ಕೆ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಬಗ್ಗಪ್ಪ ಅಂದರೆ ಸಾಕು. ಟೇಬಲ್ ಲ್ಯಾಂಪಿಗೆ ಪ್ರದಕ್ಷಿಣೆ ಹಾಕುತ್ತಿದ್ದ ಒಬ್ಬ ಹಿರಿಯ ಬಗ್ಗಪ್ಪ ಮಾತಿಗೆ ಸಿಕ್ಕರು.

ನಾನು: ನಮಸ್ಕಾರ. ಅಮೆರಿಕಕ್ಕೆ ಬಂದು ಎಷ್ಟು ವರ್ಷವಾಯಿತು?

ಬಗ್ಗಪ್ಪ: ಕಾಗದದ ಲೆಕ್ಕದಲ್ಲಿ 1998. ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ ನಮ್ಮ ಹಿರಿಯರನ್ನ ಹಿಡಿದು ಡಬ್ಬಿಗೆ ಹಾಕಿದ್ದು ಆ ವರ್ಷ. ಮೂಲ ಚೀನಾ, ಜಪಾನ್, ಕೊರಿಯಾ ಕಡೆ. ಸರಕಿನ ಜೊತೆ ಬಂದಿರಬೇಕು. ಟಿಕೆಟ್ ಇಟ್ಟುಕೊಂಡಿಲ್ಲ.

ನಾನು: ಅರೆ, ನಾವೂ ಅದೇ ಕಾಲದವರು. ಕಂಪ್ಯೂಟರುಗಳ ವೈಟುಕೆ ಗಲಾಟೆಯಲ್ಲಿ ಬಂದವರು.

ಬಗ್ಗಪ್ಪ: ಗೊತ್ತು ಸ್ವಾಮಿ. ನಿಮ್ಮನ್ನ ಕರೆಸಿದ್ದೇ ಬಗ್ ಹಿಡಿಯೋಕೆ. ಅದೇ 1998ರ ಕಾಯಿದೆಯಲ್ಲಿ ಎಚ್-1ಬಿ ವೀಸಾ ಮಿತಿಯನ್ನ 65,000ದಿಂದ 1,15,000ಕ್ಕೆ ಏರಿಸಿದರು. ಆರು ಕಾಲಿನವರೂ ಅರ್ಜಿ ಹಾಕಬೇಕು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ನಾವು ಹಾಕಲಿಲ್ಲ.

ನಾನು: ಯಾರೂ ಕೇಳಲೇ ಇಲ್ಲವೇ?

ಬಗ್ಗಪ್ಪ: ಇಲ್ಲೇ ಹುಟ್ಟಿ ಬೆಳೆದ ಕಂದು ಸ್ಟಿಂಕ್ ಬಗ್ ಒಂದಿದೆ, ನೋಡೋಕೆ ನಮ್ಮ ಥರವೇ. ಅದೇ ಇರಬೇಕು ಅಂತ ಸುಮ್ಮನಿದ್ದರು. 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೀಟತಜ್ಞರು ನೋಡಿ, ಇದು ಪರದೇಶದ್ದು ಅಂದರು. ಅಷ್ಟರಲ್ಲಿ ನಮಗೆ ಮೊಮ್ಮಕ್ಕಳಾಗಿದ್ದರು.

ನಾನು: ನಮ್ಮ ಭಾವಮೈದ ಇನ್ನೂ ಗ್ರೀನ್ ಕಾರ್ಡಿನ ಸಾಲಲ್ಲಿ ನಿಂತಿದ್ದಾನೆ. ಒಂದು ದೇಶಕ್ಕೆ ನೂರಕ್ಕೆ ಏಳಂತೆ.

ಬಗ್ಗಪ್ಪ: ಅಯ್ಯೋ ಪಾಪ. ನಮ್ಮಲ್ಲಿ ಒಂದು ಎಲೆಗೆ ಇಪ್ಪತ್ತೆಂಟು. ಮೊಟ್ಟೆ ಒಡೆದ ಮೇಲೆ ಐದು ಸಲ ಪೊರೆ ಬಿಟ್ಟರೆ ಪೂರ್ತಿ ಪೌರ.

ನಾನು: ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ನಾತ ಯಾಕೆ?

ಬಗ್ಗಪ್ಪ: ಹಕ್ಕಿ ಬಾಯಿಗೆ ಹಾಕಿಕೊಂಡರೆ ಉಗುಳಲಿ ಅಂತ. ಎದೆಯ ಅಡಿಯಲ್ಲಿ ಗ್ರಂಥಿ ಇದೆ, ಹೆದರಿದರೆ ಸೂಸುತ್ತದೆ. ಆದರೆ ನೀವು ಹೀಗೆ ಕೇಳೋದು ಅನ್ಯಾಯ. ಟ್ರಾನ್ಸ್-2-ಡೆಸಿನಾಲ್ ಅಂತ ಒಂದು ರಾಸಾಯನಿಕ, ನಮ್ಮ ನಾತದಲ್ಲೂ ಅದೇ, ನಿಮ್ಮ ಹಸಿ ಕೊತ್ತಂಬರಿ ಸೊಪ್ಪಲ್ಲೂ ಅದೇ. ಅಮೆರಿಕದವರು ಮೂಗು ಮುಚ್ಚಿಕೊಳ್ಳಲಿ, ಒಪ್ಪುತ್ತೇನೆ. ದಿನಾ ಸಾರಿಗೆ ಅದನ್ನೇ ಹೆಚ್ಚಿ ಹಾಕೋ ನೀವೂ ಮುಚ್ಚಿಕೊಂಡರೆ ಹೇಗೆ?

(ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಗ್ಗಪ್ಪಗಳನ್ನು ಹೀರಿದ್ದ ವ್ಯಾಕ್ಯೂಮ್ ಕ್ಲೀನರಿನ ಚೀಲವನ್ನು ನಾನೊಮ್ಮೆ ಬಿಚ್ಚಿದಾಗ, ಮೈಸೂರಿಂದ ಬಂದಿದ್ದ ನಮ್ಮತ್ತೆ ಪಕ್ಕದ ಕೋಣೆಯಿಂದ “ಕೊತ್ತಂಬರಿ ಸೊಪ್ಪು ಬಾಡ್ತಾ ಇದೆ, ತೆಗೆದಿಡ್ರೇ” ಎಂದು ಕೂಗಿದ್ದರು.)

ನಾನು: ಮನೆಯೊಳಗೆ ನಿಮಗೇನು ಕೆಲಸ?

ಬಗ್ಗಪ್ಪ: ನಿದ್ದೆ. ದಿನ ಗಿಡ್ಡವಾಗಿ ಚಳಿ ಶುರುವಾದರೆ ನಮಗೆ ಒಣಗಿದ, ಇಕ್ಕಟ್ಟಾದ ಜಾಗ ಬೇಕು. ಕಾಡಲ್ಲಾದರೆ ಒಣಮರದ ತೊಗಟೆ, ಊರಲ್ಲಾದರೆ ನಿಮ್ಮ ಅಟ್ಟ. ಕಚ್ಚೋದಿಲ್ಲ, ಅಡುಗೆಮನೆಗೆ ಬಾಯಿ ಹಾಕೋದಿಲ್ಲ, ಮನೆಯೊಳಗೆ ಮೊಟ್ಟೆ ಇಡೋದಿಲ್ಲ. ಚಳಿಗಾಲ ಪೂರ್ತಿ ನಿರಾಹಾರ, ಮೈಯ ಕೊಬ್ಬೇ ಗತಿ. ನಿಮ್ಮ ಹಾಸಿಗೆಯ ತಿಗಣೆ ನಮ್ಮ ದೂರದ ದಾಯಾದಿ, ರಕ್ತ ಹೀರೋನು. ನಾವು ಶುದ್ಧ ಸಸ್ಯಾಹಾರಿಗಳು. ಬಾಡಿಗೆದಾರರಲ್ಲಿ ಇಷ್ಟು ಗುಣ ಎಲ್ಲಿ ಸಿಗುತ್ತೆ ಹೇಳಿ?

ನಾನು: ಒಬ್ಬಿಬ್ಬರು ಬಂದರೆ ಸರಿ.

ಬಗ್ಗಪ್ಪ: ಮೇರಿಲ್ಯಾಂಡಿನ ಒಬ್ಬ ವನ್ಯಜೀವಿ ವಿಜ್ಞಾನಿ 2011ರಲ್ಲಿ ತಮ್ಮ ಮನೆಯಲ್ಲೇ ನಮ್ಮನ್ನ ಹಿಡಿದು ಎಣಿಸಿದರು. ಜನವರಿಯಿಂದ ಜೂನ್‌ವರೆಗೆ 26,205. ಜನಗಣತಿ ಅಂದರೆ ಹಾಗೆ ಮಾಡಬೇಕು. ಯಾರನ್ನೂ ಬಿಡಲಿಲ್ಲ ಪುಣ್ಯಾತ್ಮ.

ನಾನು: ಸಸ್ಯಾಹಾರದ ಮಾತಿಗೆ ಬರೋಣ. 2010ರಲ್ಲಿ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾ ಸುತ್ತಿನ ಸೇಬು ಬೆಳೆಗಾರರಿಗೆ 3.7 ಕೋಟಿ ಡಾಲರ್ ನಷ್ಟ. ನಿಮ್ಮವರು ಸೂಜಿಬಾಯಿ ಚುಚ್ಚಿ ರಸ ಹೀರಿದ ಕಡೆಯೆಲ್ಲ ಹಣ್ಣು ಒಳಗೇ ಕಂದು ತಿರುಗಿ ಬೆಂಡಾಗಿತ್ತು. ಪೀಚ್ ತೋಟಗಳದ್ದೂ ಅದೇ ಪಾಡು. ಜೋಳ, ಸೋಯಾ, ಟೊಮೇಟೊ, ದಪ್ಪ ಮೆಣಸಿನಕಾಯಿ ಯಾವುದನ್ನೂ ಬಿಟ್ಟಿಲ್ಲ.

ಬಗ್ಗಪ್ಪ: (ಮೀಸೆ ತೀಡುತ್ತಾ) ಆ ವಿಷಯ ನಮ್ಮ ಬೇಸಿಗೆ ವಿಭಾಗಕ್ಕೆ ಸೇರಿದ್ದು. ನಾನು ಚಳಿಗಾಲದ ವಕ್ತಾರ.

ನಾನು: ನಿಮ್ಮನ್ನು ಅಡಗಿಸುವವರು ಯಾರೂ ಇಲ್ಲವೇ?

ಬಗ್ಗಪ್ಪ: ಇದ್ದಾನೆ. ಸಮುರಾಯ್ ಕಣಜ, ನಮ್ಮೂರವನೇ. ಒಂದೆರಡು ಮಿಲಿಮೀಟರ್ ಉದ್ದ ಅಷ್ಟೆ. ನಮ್ಮ ಮೊಟ್ಟೆಯೊಳಗೇ ಅವನ ಮನೆಯವಳು ಮೊಟ್ಟೆ ಇಡ್ತಾಳೆ, ನಮ್ಮ ಮಗು ಹುಟ್ಟೋ ಜಾಗದಲ್ಲಿ ಅವನ ಮಗು ಹುಟ್ಟುತ್ತೆ. ಸರ್ಕಾರ ಅವನನ್ನ ಕ್ರಮಬದ್ಧವಾಗಿ ಏಷ್ಯಾದಿಂದ ಕರೆಸಿ, ಡೆಲವೇರ್ ರಾಜ್ಯದ ನೆವಾರ್ಕ್‌ನ ಕೃಷಿ ಪ್ರಯೋಗಾಲಯದಲ್ಲಿ ಕ್ವಾರಂಟೈನ್ ಮಾಡಿತು. ಇಲ್ಲಿಯ ಸಾಧು ಹುಳುಗಳಿಗೂ ತೊಂದರೆ ಕೊಡ್ತಾನಾ ಅಂತ ವರ್ಷಗಟ್ಟಲೆ ಪರೀಕ್ಷೆ. ಪರೀಕ್ಷೆ ಮುಗಿಯೋ ಮೊದಲೇ, 2014ರಲ್ಲಿ, ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನ ಮರಗಳಲ್ಲಿ ಅವನ ಜಾತಿಯವರು ಆರಾಮಾಗಿ ಓಡಾಡಿಕೊಂಡಿದ್ದರು! ಡಿಎನ್‌ಎ ನೋಡಿದರೆ ಲ್ಯಾಬಿನಿಂದ ತಪ್ಪಿಸಿಕೊಂಡವರಲ್ಲ. ನಮ್ಮ ಹಾಗೇ ತಾವೇ ಬಂದವರು. ಅರ್ಜಿ ಹಾಕಿದವನು ಒಳಗೆ ಕೂತಿದ್ದ, ಹಾಕದವನು ಹೊರಗೆ ಸಂಸಾರ ಹೂಡಿದ್ದ. ನಿಮ್ಮ ಭಾವಮೈದನಿಗೆ ಇದನ್ನ ಹೇಳಬೇಡಿ, ನೊಂದುಕೊಂಡಾರು.

(ಹೇಳಿಲ್ಲ. ಈ ದೇಶದ ವಲಸೆ ನೀತಿಯನ್ನು ಇಷ್ಟು ಚಿಕ್ಕದಾಗಿ ಯಾವ ವಕೀಲರೂ ನನಗೆ ವಿವರಿಸಿರಲಿಲ್ಲ. ಅವರು ಗಂಟೆಗೆ ಹಣ ತೆಗೆದುಕೊಳ್ಳುತ್ತಾರೆ.)

ನಾನು: ಯಾವ ದೇಶವೂ ನಿಮ್ಮನ್ನು ಬಾಗಿಲಲ್ಲೇ ತಡೆದಿಲ್ಲವೇ?

ಬಗ್ಗಪ್ಪ: ನ್ಯೂಜಿಲೆಂಡ್. ಆ ಹೆಸರು ಎತ್ತಬೇಡಿ. 2018ರಲ್ಲಿ ಜಪಾನಿನಿಂದ ಕಾರು ತುಂಬಿಕೊಂಡು ಬಂದ ಹಡಗುಗಳನ್ನ, ಒಳಗೆ ನಮ್ಮವರಿದ್ದಾರೆ ಅಂತ ವಾಪಸು ಅಟ್ಟಿದರು. ಕಾರಿಗಾದರೂ ಮರ್ಯಾದೆ ಬೇಡವೇ?

ನಾನು: ನಮ್ಮವರು ಅಂಗಡಿಯಿಂದ ಬಲೆ ತರುತ್ತಾರೆ, ಸ್ಪ್ರೇ ಹೊಡೆಯುತ್ತಾರೆ...

ಬಗ್ಗಪ್ಪ: ಹೊಡೆಯಲಿ. ಗೋಡೆಯ ಟೊಳ್ಳಲ್ಲಿ ಸತ್ತು ಬೀಳ್ತೇವೆ, ಹೆಣ ತಿನ್ನೋಕೆ ಕಾರ್ಪೆಟ್ ಬೀಟಲ್ ಬರುತ್ತೆ, ಆಮೇಲೆ ಅದು ನಿಮ್ಮ ಉಣ್ಣೆಯ ಶಾಲಿಗೆ ಹತ್ತುತ್ತೆ. ವಾಸನೆ ಹಾಕಿ ಕರೆಯೋ ಬಲೆಯನ್ನ ಮನೆ ಹತ್ತಿರ ತೂಗು ಹಾಕೋರಿಗಂತೂ ನಮ್ಮ ಸಂಘದಿಂದ ಸನ್ಮಾನ ಮಾಡಬೇಕು. ಪಕ್ಕದ ಬೀದಿಯವರನ್ನೂ ಕರೆಸಿಕೊಳ್ತಾರೆ.

ನಾನು: ಹಾಗಾದರೆ ನೀವು ನಿಜವಾಗಿ ಹೆದರುವುದು ಯಾವುದಕ್ಕೆ?

ಬಗ್ಗಪ್ಪ: ಇದನ್ನ ಬರೆಯಬೇಡಿ.

ನಾನು: ಬರೆಯುವುದಿಲ್ಲ.

ಬಗ್ಗಪ್ಪ: ಸೆಪ್ಟೆಂಬರ್ ಮುಗಿಯೋದರೊಳಗೆ ಏಣಿ ಹತ್ತೋ ಗಂಡಸು ಅಥವಾ ಹೆಂಗಸು. ಕಿಟಕಿಯ ಚೌಕಟ್ಟು, ಪೈಪು ಒಳಹೋಗೋ ತೂತು, ಅಟ್ಟದ ಗಾಳಿಕಿಂಡಿ, ಬಾಗಿಲಡಿಯ ಸಂದು, ಇಷ್ಟಕ್ಕೂ ಕಾಲ್ಕ್ ಬಳಿದು ಜಾಲರಿ ಬಡಿದರೆ ನಮ್ಮ ಕಥೆ ಮುಗೀತು. ಆಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಸೋಪಿನ ನೀರು. ಗಾಬರಿಯಾದರೆ ನಾವು ಹಾರೋ ಬದಲು ಕೆಳಗೆ ಉದುರ್ತೇವೆ. ಕೆಳಗೆ ಬಾಟಲಿ ಹಿಡಿದರಾಯಿತು. ಇನ್ನೊಂದು, ವರ್ಜೀನಿಯಾ ಟೆಕ್‌ನವರು 2014ರಲ್ಲಿ ಬಯಲು ಮಾಡಿದ್ದು: ಫಾಯಿಲ್ ತಟ್ಟೆಯಲ್ಲಿ ಸೋಪಿನ ನೀರು, ಮೇಲೊಂದು ದೀಪ, ಕತ್ತಲೆ ಕೋಣೆ. 50 ಡಾಲರ್‌ವರೆಗಿನ ಅಂಗಡಿ ಬಲೆಗಿಂತ 14 ಪಟ್ಟು ಹೆಚ್ಚು ಜನ ಬಿದ್ದರು ನಮ್ಮವರು. ಆದರೆ ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಮೇ ತಿಂಗಳಲ್ಲಿ ಎಲ್ಲ ಮರೀತೀರಿ, ಅಕ್ಟೋಬರಿನಲ್ಲಿ ಬೈತೀರಿ.

ನಾನು: ಮುಂದಿನ ಯೋಜನೆ?

ಬಗ್ಗಪ್ಪ: ನಿಮ್ಮ ಬೇಸ್‌ಮೆಂಟಿನ ಆ ದೊಡ್ಡ ನೀಲಿ ಸೂಟ್‌ಕೇಸು ಬಹಳ ಹಿಡಿಸಿದೆ. ಹೊಲಿಗೆಯ ಮಡಿಕೆಯಲ್ಲಿ ಒಳ್ಳೇ ಜಾಗ. ಡಿಸೆಂಬರಿನಲ್ಲಿ ಊರಿಗೆ ಹೋಗ್ತೀರಂತಲ್ಲ? ಬೆಂಗಳೂರಿನ ಹವೆ ಹೇಗಿದೆ ಈಗ?

ಅಲ್ಲಿಗೆ ಸಂದರ್ಶನ ನಿಲ್ಲಿಸಿದೆ. ಈ ಚಳಿಗಾಲದಲ್ಲಿ ಊರಿಗೆ ಹೊರಟ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕನ್ನಡಿಗರಲ್ಲಿ ಒಂದು ಬೇಡಿಕೆ: ಸೂಟ್‌ಕೇಸಿಗೆ ಬಾದಾಮಿ, ಚಾಕೊಲೇಟು ತುಂಬುವ ಮೊದಲು ಅದನ್ನು ಹಿತ್ತಲಿಗೆ ಒಯ್ದು, ಜಿಪ್ಪುಗಳನ್ನೆಲ್ಲ ಬಿಚ್ಚಿ, ಮಡಿಕೆ ಮಡಿಕೆಯನ್ನೂ ಚೆನ್ನಾಗಿ ಕೊಡವಿ.