ನಲವತ್ತು ತಿರುವು, ನಾಲ್ಕು ತಂತಿ

ನಡುವಯಸ್ಸಿನಲ್ಲಿ ಸಂಗೀತದ ಹುಚ್ಚು ಹತ್ತಿದರೆ ಕೊಳಲು ಹಿಡಿಯುವುದು ಜಾಣತನ. ಜುಬ್ಬದ ಜೇಬಿಗೆ ಹೋಗುತ್ತದೆ. ತಮಿಳುನಾಡಿನ ಬೆಟ್ಟದೂರು ವಾಲ್ಪಾರೈಯಲ್ಲಿ ಕೂತು ಪಿಟೀಲಿನ ದೊಡ್ಡಣ್ಣ ಸೆಲ್ಲೊ ಕಲಿಯುತ್ತೇನೆ ಅನ್ನುವುದು ಮಾತ್ರ ಹಟಯೋಗ. ವಾದ್ಯವೇ ಸುಮಾರು ನಾಲ್ಕು ಅಡಿ. ಆಳಿಯಾರಿನಿಂದ ಮೇಲಕ್ಕೆ 40 ಹೇರ್‌ಪಿನ್ ತಿರುವು. ತಬ್ಬಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರಿಗೆ ಒಂದೇ ಗುಮಾನಿ: ಇದಕ್ಕೆ ಫುಲ್ ಟಿಕೆಟ್ಟೋ, ಹಾಫ್ ಟಿಕೆಟ್ಟೋ? ಕೇಳುವುದರಲ್ಲಿ ತಪ್ಪಿಲ್ಲ. ಮಕ್ಕಳಿಗೆಂದು ಅರ್ಧ, ಕಾಲು, ಅರೆಕಾಲು ಅಳತೆಯ ಸೆಲ್ಲೊಗಳು ನಿಜಕ್ಕೂ ಇವೆ. ಆದರೆ ಅರ್ಧ ಎಂಬುದು ಹೆಸರಿಗಷ್ಟೆ, ಉದ್ದ ಅರ್ಧವಾಗಿರುವುದಿಲ್ಲ. ಕಂಡಕ್ಟರ್ ಟೇಪು ಹಿಡಿದರೆ ಫುಲ್ ಟಿಕೆಟ್ಟೇ ಗತಿ.

ಇನ್ನು ಇಲ್ಲಿನ ಮಳೆ. ಪಕ್ಕದ ಚಿನ್ನಕಲ್ಲಾರ್ ದಕ್ಷಿಣ ಭಾರತದ ಅತಿ ಹೆಚ್ಚು ಮಳೆಯ ಊರುಗಳಲ್ಲೊಂದು. ತೇವಕ್ಕೆ ಮರ ಉಬ್ಬಿ ಬಿರಡೆ ಬಿಗಿಯುತ್ತದೆ, ಕಮಾನಿನ ಕುದುರೆಕೂದಲು ಹಿಗ್ಗಿ ಜೋಲುಬೀಳುತ್ತದೆ. ರಾಳ ತಿಕ್ಕಿ ಎಳೆದರೆ ಹೊರಡುವ ಸ್ವರ, ಕರು ಕಾಣದ ಎಮ್ಮೆಯದು. ಪಿಟೀಲು ಚೌಡಯ್ಯನವರು ಏಳು ತಂತಿ ಕಟ್ಟಿ ಪಳಗಿಸಿದರು. ನಮಗೆ ನಾಲ್ಕೇ ಸಾಕೋ ಸಾಕು. ಗುರುಗಳು ಮೊಬೈಲ್ ಪರದೆಯಲ್ಲಿ "ಬೆರಳು ಒತ್ತಬೇಡಿ, ಬರೀ ತಂತಿ ಎಳೆಯಿರಿ" ಅನ್ನುತ್ತಾರೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ, ಗುರುಗಳ ಪುಣ್ಯ.

ಶ್ರೋತೃಗಳಿಗೆ ಬರವಿಲ್ಲ. ಪುದುತೋಟ್ಟಂ ಕಡೆಯ ಸಿಂಗಳೀಕಗಳು ಅಡುಗೆಮನೆಗೇ ನುಗ್ಗುವಷ್ಟು ಸಲುಗೆಯವು. ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಒಂದೂ ಸುಳಿಯುವುದಿಲ್ಲ. ಪಕ್ಕದ ಮನೆಯಕ್ಕ ಇದನ್ನು ಗಮನಿಸಿದ್ದಾರೆ. "ನಿಲ್ಲಿಸಬೇಡಿ ಸಾರ್, ರಾತ್ರಿ ಆನೆ ಬಂದರೆ ಫೋನ್ ಮಾಡ್ತೀನಿ. ಸ್ವಲ್ಪ ಜೋರಾಗಿ ಬಾರಿಸಿ!"