ಅಣಬೆದ್ವಯ ಮೀಮಾಂಸೆ

ಶೀರ್ಷಿಕೆಯಲ್ಲಿ ಅರಿಸಮಾಸವಿದೆ ಎಂದು ವೈಯಾಕರಣರು ಕಣ್ಣು ಕೆಂಪಗೆ ಮಾಡುವ ಮೊದಲೇ ಸಮಾಧಾನ ಹೇಳಿಬಿಡುತ್ತೇನೆ. ಈ ಅಣಬೆಗಳ ಸಂಸಾರವೇ ಅರಿಸಮಾಸ: ಪೂರ್ವಪದ ಗೆದ್ದಲು, ಉತ್ತರಪದ ಬೂಷ್ಟು. ಹುತ್ತದೊಳಗೆ ಗೆದ್ದಲು ತರಗು, ಕಡ್ಡಿ ಅಗಿದು ಜೇನುಹಲ್ಲೆಯಂಥದ್ದನ್ನು ಕಟ್ಟಿ, ಅದರ ಮೇಲೆ ಬೂಷ್ಟು ಬೆಳೆಸಿ ಉಣ್ಣುತ್ತದೆ. ಸುಮಾರು 3 ಕೋಟಿ ವರ್ಷಗಳ ಬೇಸಾಯ, ಸಬ್ಸಿಡಿ ಕೇಳಿದ್ದಿಲ್ಲ. ರೋಜರ್ ಹೈಮ್ ಎಂಬ ಫ್ರೆಂಚ್ ಪಂಡಿತರು 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ನಮ್ಮ ದೊಡ್ಡಮ್ಮ ‘ಹುತ್ತದ ಅಣಬೆ’ ಎನ್ನುತ್ತಾರೆ. ಅರ್ಥ ಒಂದೇ, ಪ್ರಬಂಧ ಮಂಡಿಸಿಲ್ಲ ಅಷ್ಟೆ.

ಪ್ರಕೃತ ವಿಚಾರಕ್ಕೆ ಎರಡು ಜಾತಿ. ಒಂದು ಅದೇ ಹೈಮ್ ಅವರ ಹೆಸರು ಹೊತ್ತ ಹೈಮಿಯೈ: ಅಂಗೈಯಗಲದ ಬಿಳಿ ಕೊಡೆ, ನಡುವೆ ಮೊಂಡು ಮೊನೆ, ಕಾಲಿಗೊಂದು ಉಂಗುರ. ಇನ್ನೊಂದು ಮೈಕ್ರೊಕಾರ್ಪಸ್, ನಮ್ಮ ಮನೆಮಾತಿನಲ್ಲಿ ಅಕ್ಕಿ ಅಣಬೆ. ಕೊಡೆ ಉಗುರಗಲ, ಎದ್ದರೆ ನೂರಾರು.

ಎರಡೂ ಗುಡುಗಿಗೆ ಏಳುತ್ತವೆ, ಭೇದವೇ ಇಲ್ಲ ಎಂಬುದು ಪೂರ್ವಪಕ್ಷ. ಖಂಡನೆಗಾಗಿ ನಾನು ಕತ್ತಿ ಹಿಡಿದು ಹುತ್ತದ ಬುಡ ಕೆದಕಿದೆ. ಹೈಮಿಯೈಗೆ ಬೇರಿನಂಥ ಬಾಲ; ಅದು ನೆಲದಾಳದ ಗೆದ್ದಲ ತೋಟದಿಂದ ಮಣ್ಣು ಸೀಳಿ ಬಂದದ್ದು. ಮೊಳದಷ್ಟು ಅಗೆದಾಗ ಬಾಲ ತುಂಡಾಯಿತು, ನನ್ನ ಸೊಂಟವೂ ಹಿಡಿಯಿತು. ಅಕ್ಕಿ ಅಣಬೆಗೆ ಈ ಕಷ್ಟವಿಲ್ಲ. ಗೆದ್ದಲುಗಳೇ ತೋಟದ ಚೂರುಗಳನ್ನು ಹೊತ್ತು ಮೇಲೆ ತಂದು ಹರಡುತ್ತವೆ. ಅದು ಅಲ್ಲೇ ಮೊಳೆಯುತ್ತದೆ. ಒಬ್ಬ ನಡೆದು ಬಂದ ಶಿಷ್ಯ, ಇನ್ನೊಬ್ಬ ಹೆಗಲೇರಿ ಬಂದ ಶಿಷ್ಯ. ವಿಶ್ವವಿದ್ಯಾಲಯಗಳಲ್ಲಿ ಎರಡೂ ತಳಿ ಉಂಟು.

“ಏ ಮಾರಾಯ, ಬಾಲ ಅಳೀತಾ ಕೂತ್ರೆ ಸಾರಿಗೆ ಹಾಕೂದು ಯಾವಾಗ?” ಎಂದರು ದೊಡ್ಡಮ್ಮ. ಅವರ ಸಿದ್ಧಾಂತದಲ್ಲಿ ಭೇದ ಒಂದೇ: ದೊಡ್ಡದನ್ನು ಹೆಚ್ಚಬೇಕು, ಸಣ್ಣದರ ಮಣ್ಣು ತೊಳೆಯುವಷ್ಟರಲ್ಲಿ ಮಳೆಗಾಲ ಮುಗಿಯುತ್ತದೆ.

ಕೊನೆಯ ಪ್ರಮಾಣಕ್ಕೆಂದು ರಾತ್ರಿ ದೊಡ್ಡ ಕೊಡೆಯೊಂದನ್ನು ಮದುವೆ ಕಾಗದದ ಹಿಂಬದಿಯಲ್ಲಿ ಕವುಚಿಟ್ಟೆ. ಬೀಜಕ ಉದುರಿ ತಿಳಿಗುಲಾಬಿ ಚಕ್ರ ಮೂಡಬೇಕೆಂಬುದು ಶಾಸ್ತ್ರ. ಬೆಳಿಗ್ಗೆ ಚಕ್ರ ಮೂಡಿತ್ತು, ಕೊಡೆ ಇರಲಿಲ್ಲ. ಅದು ಅಕ್ಕಿ ರೊಟ್ಟಿಯ ಪಕ್ಕ ಪಲ್ಯವಾಗಿ ಕೂತಿತ್ತು. ಪ್ರಮಾಣವನ್ನು ನಾನು ಎರಡು ಸಲ ಹಾಕಿಸಿಕೊಂಡು ಕೂಲಂಕಷವಾಗಿ ಪರಿಶೀಲಿಸಿದೆ.

ಮಾದರಿ ದೊರೆತ ಸ್ಥಳ: ಮಲೆನಾಡು. ಇನ್ನೂ ನಿಖರವಾಗಿ ಬರೆದರೆ ಮುಂದಿನ ಗುಡುಗಿಗೆ ಅಣಬೆಗಿಂತ ಮೊದಲು ಓದುಗರೇ ಅಲ್ಲಿ ಎದ್ದಿರುತ್ತಾರೆ.