ಇಲ್ಲಿ ಪೋಸ್ಟರ್ ಅಂಟಿಸಬಾರದು

ಬೆಂಗಳೂರಿನಲ್ಲಿ ಬಸ್‌ಸ್ಟಾಪಿನ ಎದುರು ಮನೆಯಿರುವವನು ಕಾಂಪೌಂಡಿಗೆ ಬಣ್ಣ ಹೊಡೆಸಿದನೆಂದರೆ ಊರಿಗೆಲ್ಲ ಊಟಕ್ಕೆ ಹೇಳಿದಂತೆ. ಬೆಳಗಾಗುವಷ್ಟರಲ್ಲಿ ಪಿಜಿಯವರು, ಬೋರ್‌ವೆಲ್ಲಿನವರು, ವಶೀಕರಣದವರು ಸಾಲಾಗಿ ಪಂಕ್ತಿಗೆ ಕೂತಿರುತ್ತಾರೆ. ಅದಕ್ಕೇ ನಾನು ಪೇಂಟರನ್ನು ಕರೆಸಿ 'ಇಲ್ಲಿ ಪೋಸ್ಟರ್ ಅಂಟಿಸಬಾರದು' ಎಂದು ಕೆಂಪಕ್ಷರದಲ್ಲಿ ಬರೆಸಿದೆ. ಮಾರನೆಯ ದಿನ ಅದರ ಕೆಳಗೇ, ನನ್ನ ಒಂದಕ್ಷರವನ್ನೂ ಮುಚ್ಚದೆ, 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ'!

ದೇವರ ಟೈಲ್ಸ್ ಹಾಕಿಸಿ ಎಂದರು ಪಕ್ಕದ ಮನೆಯವರು. ಅದು ಬೇರೆ ಅಪರಾಧಕ್ಕೆ ಮದ್ದು.

ಕಾನೂನು ಇಲ್ಲವೆಂದಲ್ಲ. ತೆರೆದ ಸ್ಥಳಗಳನ್ನು ಅಂದಗೆಡಿಸುವವರಿಗಾಗಿ ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ: 6 ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಯೋಗವಿದ್ದರೆ ಎರಡೂ. 2022ರ ಸೆಪ್ಟೆಂಬರಿನಲ್ಲಿ ಆಗಿನ ಮುಖ್ಯಮಂತ್ರಿಗಳ ಮುಖವಿದ್ದ 'ಪೇಸಿಎಂ' ಪೋಸ್ಟರುಗಳು ಗೋಡೆ ಹತ್ತಿದಾಗ ಈ ಕಾಯ್ದೆ ಮೈಮುರಿದು ಎದ್ದು ಕೂತಿತು, ಕೇಸುಗಳೂ ಬಿದ್ದವು. ನಮ್ಮ ಗೋಡೆಯ ಮೂಲವ್ಯಾಧಿಯವರನ್ನು ಮಾತ್ರ ಯಾರೂ ಮಾತಾಡಿಸಿದ್ದು ಕಾಣೆ. ಖಾಲಿ ಬಿಟ್ಟರೆ ತಾನೇ ಅಂಟಿಸುವುದು ಎಂದು ಪಾಲಿಕೆ 2009ರಲ್ಲಿ ಮುಖ್ಯರಸ್ತೆಯ ಗೋಡೆಗಳ ಮೇಲೆ ಹಂಪಿ, ಜೋಗ, ಅರಮನೆಗಳನ್ನು ಬರೆಸಿತ್ತು. ಬರೆದವರಲ್ಲಿ ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಸಿನಿಮಾ ಬ್ಯಾನರ್ ಕಲಾವಿದರೂ ಇದ್ದರು. ಪೋಸ್ಟರ್ ಓಡಿಸಲು ಸಿನಿಮಾದವರೇ ಬೇಕಾಯಿತು ನೋಡಿ.

ನನಗೆ ಜೋಗ ಬರೆಸುವಷ್ಟು ಗೋಡೆಯಿಲ್ಲ. ಕಾದು ಕೂತು, ಒಂದು ನಸುಕಿನಲ್ಲಿ ಆಸಾಮಿಯನ್ನು ಹಿಡಿದೇಬಿಟ್ಟೆ. ಸೈಕಲ್ ಹ್ಯಾಂಡಲಿಗೆ ಬಕೆಟ್ಟು, ಕ್ಯಾರಿಯರಿನಲ್ಲಿ ಪೋಸ್ಟರುಗಳ ಕಟ್ಟು. ಗೋಡೆಗೆ ಅಂಟು ಬಳಿದ, ಮಡಿಸಿದ ಹಾಳೆಯನ್ನು ಬಿಡಿಸಿ ಕೂರಿಸಿದ, ಅದರ ಮೇಲೂ ಒಮ್ಮೆ ಬ್ರಷ್ ಎಳೆದ. ಒಂದು ಸುಕ್ಕಿಲ್ಲ, ಗುಳ್ಳೆಯಿಲ್ಲ. ದುಡ್ಡು ಸುರಿದು ನಮ್ಮ ಹಾಲಿಗೆ ಹಾಕಿಸಿದ ವಾಲ್‌ಪೇಪರಿಗೆ ಈ ಭಾಗ್ಯವಿಲ್ಲ.

"ಏನಪ್ಪಾ, ಮೇಲೆ ಬರೆದಿರೋದು ಓದಕ್ಕೆ ಬರಲ್ವಾ?"

"ಬರುತ್ತೆ ಸಾರ್. ನೀವದು ಬರೆಸಿರೋದಕ್ಕೇ ಜನ ಈ ಕಡೆ ತಿರುಗಿ ನೋಡೋದು."

ಬೈಯಲು ಹೋದವನು, "ಅಂಟಿಗೇನು ಹಾಕ್ತೀಯ?" ಎಂದು ಕೇಳಿಬಿಟ್ಟೆ.

"ಮೈದಾ ಸಾರ್, ಕುದಿಸಿದ್ದು. ಒಂದು ಚೂರು ಮೈಲುತುತ್ತ. ಇಲ್ಲಾಂದ್ರೆ ಹುಳ ಹಿಡಿಯುತ್ತೆ, ಹಸುಗಳೂ ಹೀರೋನ ಇಂಟರ್‌ವಲ್‌ಗೆ ಮುಂಚೆ ಮುಗಿಸಿಬಿಡ್ತವೆ." ಇನ್ನೊಂದು ಹಾಳೆ ಬಿಡಿಸಿದ. "ಸಾರ್, ಆ ಮೂಲೆ ಸ್ವಲ್ಪ ಹಿಡ್ಕೊತೀರಾ?"

ಹಿಡಿದುಕೊಂಡೆ. ಸ್ವಲ್ಪ ಸೊಟ್ಟಗೆ ಕೂತಿತ್ತು. ಎಡಕ್ಕೆ ಎರಡು ಬೆರಳು ಸರಿಸಲು ಹೇಳಿದೆ.